ಖಯಾಲಿ ಟೀಮಿನ ಬೌಲರ್

ಯಾರಿಗಾದರೂ ವರ್ಗವಾಯಿತೆಂದು ಕೇಳಿದರೆ ಸಾಕು, ನನ್ನ ಮನಸ್ಸು ತಾನಾಗಿಯೇ ಲೆಕ್ಕ ಹಾಕಲು ಕೂಡುತ್ತದೆ. ಹೋದ ಊರಿನ ನೀರು ಹೇಗಿದೆ, ಪಕ್ಕದ ಕುರ್ಚಿಯವರು ಎಂಥವರು, ಮಧ್ಯಾಹ್ನದ ಊಟ ಎಲ್ಲಿ ಎಂದೆಲ್ಲ ಕೂಡಿಸಿ ಕಳೆದು, ಈ ಮನುಷ್ಯ ಅಲ್ಲಿ ಏರುತ್ತಾನೋ ಇಳಿಯುತ್ತಾನೋ ಎಂದು ಒಳಗೊಳಗೇ ತೀರ್ಪು ಕೊಟ್ಟುಬಿಡುತ್ತೇನೆ. ಮೊನ್ನೆ ನಮ್ಮ ಓಣಿಯ ಬ್ಯಾಂಕ್ ಮ್ಯಾನೇಜರರ ಹೆಂಡತಿ ವರ್ಗದ ಸುದ್ದಿ ಹೇಳಿದಾಗ, "ಅಲ್ಲಿ ನಿಮ್ಮ ಯಜಮಾನರಿಗೆ ಛಲೋ ಕೀಪರ್ ಅದಾರೇನ್ರಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಆಕೆ ನಾನು ಮನೆಗೆಲಸದವಳ ಬಗ್ಗೆ ಕೇಳಿದೆನೆಂದು ತಿಳಿದು, "ಹೋದ ಮ್ಯಾಲ ಹುಡುಕಬೇಕ್ರಿ" ಎಂದರು. ನಾನು ಮಾತು ತಿರುಗಿಸಿ ಅರಿಶಿನ ಕುಂಕುಮ ತೆಗೆದುಕೊಂಡು ಬಂದೆ.

ಈ ಚಟ ಹತ್ತಿದ್ದು ಆಳಂದದಲ್ಲಿ, ಮದುವೆಯಾದ ಹೊಸತರಲ್ಲಿ. ಎಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ನಾನು ಭೀಮಾ ದಂಡೆಯ ಮಣ್ಣೂರಿನವಳು. ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಕಾಯುತ್ತ, ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಕುಣಿಸುತ್ತ ಬೆಳೆದವಳು. ಆಳಂದದ ಮನೆಯಲ್ಲಿ ಹೊಳೆ ಇರಲಿಲ್ಲ, ಅತ್ತೆ ಇದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಮ್ಮವರಿದ್ದರು. ಮಕ್ಕಳಿಗೆ ತಾಸುಗಟ್ಟಲೆ ಪಾಠ ಹೇಳುವ ಈ ಮನುಷ್ಯ ಮನೆಗೆ ಬಂದರೆ ನನ್ನ ಜೊತೆ ಆಡುತ್ತಿದ್ದುದು "ನೀರು ಕೊಡು", "ಬರ್ತೇನಿ" ಅಷ್ಟೇ. ಮತ್ತೆ, ನಮ್ಮ ಪಡಸಾಲೆಗೆ ಹತ್ತಿದ ಬಾಡಿಗೆ ಕೋಣೆಯಲ್ಲಿ ಶಬ್ಬೀರ ಇದ್ದ.

ಶಬ್ಬೀರ ಕರೆಂಟ್ ಆಫೀಸಿನ ಲೈನ್‌ಮನ್. ಜೇವರ್ಗಿಯವನು, ತಾಯಿ ಅಲ್ಲೇ ಅವನ ಅಕ್ಕನ ಮನೆಯಲ್ಲಿದ್ದಳು. ಏಣಿಯನ್ನು ಹೆಗಲ ಮೇಲೆ ಹೊತ್ತು ಬಾಗಿಲು ದಾಟುವಾಗ ಏಣಿಗಿಂತ ಇವನೇ ಉದ್ದ ಕಾಣುತ್ತಿದ್ದ. ವಾರವೆಲ್ಲ ಕಂಬ ಹತ್ತುವುದು, ರವಿವಾರ ಆಳಂದ ಟೀಮಿಗೆ ಬೌಲಿಂಗ್ ಮಾಡುವುದು. ಮೂರು ತಾಲೂಕಿನಲ್ಲಿ ಅವನಷ್ಟು ಜೋರಾಗಿ ಚೆಂಡು ಒಗೆಯುವವರು ಬೇರೆ ಇರಲಿಲ್ಲ. ಊಟಕ್ಕೆ ಖಾನಾವಳಿ ಎಂಬುದೊಂದಿತ್ತು, ಆದರೆ ಅಲ್ಲಿಯ ಸಾರು ನೋಡಿ ಮರುಗಿದ ಅತ್ತೆ ವಾರಕ್ಕೆ ಮೂರ್ನಾಲ್ಕು ಸಲ ಅವನನ್ನು ಕರೆದು ಅಂಗಳದಲ್ಲಿ ಕೂಡಿಸಿ ಬಡಿಸುತ್ತಿದ್ದರು.

ರೊಟ್ಟಿಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಣ್ಣೂರಿನಲ್ಲಿ ನಾನು ರೊಟ್ಟಿ ಬಡಿದರೆ ಓಣಿಯೇ ಹೊಗಳುತ್ತಿತ್ತು. ಆಳಂದಕ್ಕೆ ಬಂದ ಮೇಲೆ ಏನಾಯಿತೋ, ಒಂದೂ ಗುಂಡಗೆ ಬರಲಿಲ್ಲ. ಅದೇ ಕೈ, ಆದರೆ ಜೋಳ ಬೇರೆ, ಹಂಚು ಬೇರೆ, ಒಲೆಯ ಬಾಯಿ ಬೇರೆ ದಿಕ್ಕಿಗೆ. ರೊಟ್ಟಿ ಹಂಚಿನ ಮೇಲೆ ಬೀಳುವುದರೊಳಗೆ ಅಂಚೆಲ್ಲ ಬಿರಿದು ಭೂಪಟದಂತಾಗುತ್ತಿತ್ತು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಶಬ್ಬೀರ ಅಂಥದೊಂದು ರೊಟ್ಟಿ ಮುರಿಯುತ್ತ ನನ್ನ ಮುಖ ನೋಡಿದ.

"ವೈನಿ, ರೊಟ್ಟಿ ನಿಮ್ದಾ?"

"ಹೌದ್ರಿ" ಎಂದೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಹೊಸಾ ಪಿಚ್ ಅದ್ರಿ ನಿಮಗ. ನಾಕ್ ಓವರ್ ಆಗ್ಲಿ, ತಾನೇ ಹಾದಿಗ್ ಬರ್ತದ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡ.

ಪಿಚ್ ಎಂದರೇನೆಂದು ನನಗೆ ತಿಳಿಯಲಿಲ್ಲ. ಸಂಜೆ ನಮ್ಮವರನ್ನು ಕೇಳಿದೆ. ಅವರ ಮುಖ ಒಮ್ಮೆಲೆ ಅರಳಿತು. ರೊಟ್ಟಿ ಬಡಿಯುವ ಕಟ್ಟಿಗೆಯ ಹರಿವಾಣವನ್ನೇ ಪಿಚ್ ಮಾಡಿ, ಎರಡೂ ತುದಿಗೆ ಸೌಟು ಚಮಚ ನೆಟ್ಟು, ಬೆಳ್ಳುಳ್ಳಿಯ ಗಡ್ಡೆ ಉರುಳಿಸಿ ಚೆಂಡು ಹೇಗೆ ಏಳುತ್ತದೆ, ಹೇಗೆ ಹೊರಳುತ್ತದೆ ಎಂದು ತೋರಿಸಿದರು. ಅನ್ನ ಸೀದು ಹೋಯಿತು. ನಮ್ಮಿಬ್ಬರ ನಡುವಿನ ಮೊದಲ ಉದ್ದನೆಯ ಮಾತು ಅದು.

ಅಂದಿನಿಂದ ನಾನು ಬಾಗಿಲ ಮರೆಯಲ್ಲಿ ನಿಂತು ಕಟ್ಟೆಯ ಮಾತಿಗೆ ಕಿವಿ ಕೊಡತೊಡಗಿದೆ. ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆ ನಾಲ್ಕು ಜನ ಸೇರುತ್ತಿದ್ದರು. ನಮ್ಮವರು ಆಳಂದ ಟೀಮಿಗೆ ಮೊದಲು ಬ್ಯಾಟ್ ಹಿಡಿಯುವವರು. ಶಬ್ಬೀರ ಬೌಲರ್. ಬಟ್ಟೆ ಅಂಗಡಿಯ ಗುರುನಾಥ ವಿಕೆಟ್ ಕೀಪರ್. ಎದುರಿನ ಸೈಕಲ್ ಶಾಪಿನ ಇಕ್ಬಾಲ್ ಚಾಚಾ ಅಂಪೈರ್. ಪಂಕ್ಚರಿನ ಕೈಯನ್ನು ಬಿಳಿ ಅಂಗಿಗೆ ಒರೆಸಿ ಒರೆಸಿ ಅಂಗಿಗೆ ಬೇರೆಯೇ ಬಣ್ಣ ಬಂದಿತ್ತು.

ಈ ನಾಲ್ವರೂ ಸೇರಿ ಒಂದು ಆಟ ಕಟ್ಟಿಕೊಂಡಿದ್ದರು. ಚಾಚಾ ಅದಕ್ಕೆ 'ಖಯಾಲಿ ಟೀಮ್' ಎಂದು ಹೆಸರಿಟ್ಟಿದ್ದ. ಖಯಾಲಿ ಎಂದರೆ ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು. ಜೋಳದ ರಾಶಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಯ ಟೀಮುಗಳು ರವಿವಾರಕ್ಕೊಮ್ಮೆ ಒಬ್ಬರ ಊರಿಗೆ ಒಬ್ಬರು ಹೋಗಿ ಆಡುತ್ತಿದ್ದವು. ಅದಕ್ಕೂ ಮೊದಲು ಈ ನಾಲ್ವರೂ ಕಟ್ಟೆಯ ಮೇಲೆ ಕೂತು, ಮೂರೂ ಊರಿನ ಆಟಗಾರರಲ್ಲಿ ತಮಗೆ ಬೇಕಾದವರನ್ನು ಸರದಿಯಂತೆ ಆರಿಸಿಕೊಳ್ಳುವರು. ಒಬ್ಬ ಆರಿಸಿದವನನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ತನ್ನನ್ನೇ ತಾನು ಆರಿಸಿಕೊಳ್ಳುವಂತಿಲ್ಲ. ಆಮೇಲೆ ನಿಜವಾದ ಮೈದಾನದಲ್ಲಿ ಅವರು ಹೊಡೆದ ರನ್ನು, ಕೆಡವಿದ ವಿಕೆಟ್ಟು, ಹಿಡಿದ ಕ್ಯಾಚಿಗೆಲ್ಲ ಇಲ್ಲಿ ಇವರಿಗೆ ಅಂಕ. ಅಂಕಗಳನ್ನು ಚಾಚಾ ತನ್ನ ಅಂಗಡಿಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಕೊನೆಗೆ ಎಲ್ಲರಿಗಿಂತ ಹಿಂದೆ ಬಿದ್ದವರು ಉಳಿದವರಿಗೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ ಮಾಡಿಸಿ ತಿನ್ನಿಸಬೇಕು.

ಆರಿಸುವಾಗ ಮೊದಲ ಹೆಸರು ಯಾವಾಗಲೂ ಶಬ್ಬೀರನದೇ. ಮತ್ತು ಅವನನ್ನು ಯಾವಾಗಲೂ ಗುರುನಾಥನೇ ಆರಿಸುತ್ತಿದ್ದ. ಅವರಿಬ್ಬರ ಜೋಡಿ ಹಾಗಿತ್ತು. ಶಬ್ಬೀರ ಓಡಿ ಬಂದು ಚೆಂಡು ಬಿಡುವ ಮೊದಲೇ ಅದು ಎಲ್ಲಿಗೆ ಬರುತ್ತದೆಂದು ಗುರುನಾಥನಿಗೆ ಗೊತ್ತು. ಬ್ಯಾಟಿನ ಅಂಚಿಗೆ ತಾಗಿದ್ದು ಒಂದೂ ಅವನ ಕೈ ತಪ್ಪುತ್ತಿರಲಿಲ್ಲ. ಅಂಗಡಿಯಲ್ಲಿ ಮೆಲ್ಲಗೆ ಮಾತಾಡುವ ಈ ಗುರುನಾಥ, ಕ್ಯಾಚ್ ಹಿಡಿದು ಎರಡೂ ಕೈ ಮೇಲೆತ್ತಿ "ಹೌಝ್ಯಾಟ್!" ಎಂದು ಕೂಗಿದರೆ ನಮ್ಮ ಓಣಿಯವರೆಗೆ ಕೇಳಿಸುತ್ತಿತ್ತು. ಅತ್ತೆ ಬೇಳೆ ಕೇರುತ್ತಲೇ "ಶಬ್ಬೀರಗ ಒಂದು ಬಿತ್ತು ನೋಡು" ಎನ್ನುತ್ತಿದ್ದರು.

ಮುಂದಿನ ವರ್ಷ ರಾಶಿಯ ಹೊತ್ತಿಗೆ ಶಬ್ಬೀರನಿಗೆ ಜೇವರ್ಗಿಗೆ ವರ್ಗವಾಯಿತು. ಅವನೇ ಅರ್ಜಿ ಹಾಕಿದ್ದನಂತೆ. "ಅವ್ವನ್ ಹಂತ್ಯಾಕ ಹೊಂಟೀನ್ರಿ ವೈನಿ" ಎಂದ. ಬಾಯಿ ನಗುತ್ತಿತ್ತು, ಕಣ್ಣು ಕಟ್ಟೆಯ ಕಡೆಗಿತ್ತು. ಅತ್ತೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಆ ರೊಟ್ಟಿ ನಾನು ಬಡಿದವು, ಗುಂಡಗೇ ಇದ್ದವು. ನಮ್ಮವರು ಮತ್ತು ಚಾಚಾ ಅವನ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದರು. ಗುರುನಾಥ ಹೋಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದಾರೆಂದು ಹೇಳಿ ಕಳಿಸಿದ. ಅವತ್ತು ಸಂತೆಯೂ ಇರಲಿಲ್ಲ, ಹಬ್ಬವೂ ಇರಲಿಲ್ಲ.

ಎರಡು ವಾರ ಕಳೆದು ಖಯಾಲಿ ಟೀಮು ಆರಿಸುವ ಸಂಜೆ ಬಂತು.

"ಅರೆ, ನಾಕನೇ ಆದ್ಮಿ ಎಲ್ಲಿ? ಮೂರ್ ಮಂದಿ ಆಡಿದ್ರ ಏನ್ ಮಜಾ?" ಎಂದ ಚಾಚಾ.

ನಮ್ಮವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಇಕಿ ಕುಂದರ್ತಾಳ" ಎಂದು ಬಾಗಿಲ ಕಡೆ ಕೈ ಮಾಡಿದರು. ಒಳಗಿನಿಂದ ಅತ್ತೆ, "ಕುಂದರ್ಲಿ ಬಿಡ್ರಿ. ದಿನಾ ಬಾಗಲ್ದಾಗ ಕಿವಿ ಇಟ್ಟು ಕೇಳಾಕತ್ತಾಳ, ಒಳಗ ನನ್ನ ಪಲ್ಯಾ ಹೊತ್ತಾಕತ್ತದ" ಎಂದರು. ಹೀಗೆ ಶಬ್ಬೀರನ ಜಾಗಕ್ಕೆ, ಹೊಸ್ತಿಲ ಈಚೆಗೇ ಕೂತು, ನಾನು ನಾಲ್ಕನೆಯವಳಾದೆ.

ಮೊದಲ ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಶಬ್ಬೀರನ ಹೆಸರನ್ನು ಯಾರೂ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ, "ಯಾಕ್ರಿ, ಶಬ್ಬೀರಣ್ಣ ಬ್ಯಾಡೇನು ಯಾರಿಗೂ?"

ನಮ್ಮವರು ಪಾಠಕ್ಕೆ ನಿಂತಂತೆ ಶುರು ಮಾಡಿದರು. "ಆಳಂದದಾಗ ನಾವು ಮ್ಯಾಟ್ ಹಾಸ್ತೇವಿ. ಬಾಲ್ ಬಿದ್ದು ಎದಿಮಟ ಏಳ್ತದ. ಜೇವರ್ಗಿಯೊಳಗ ಬರೇ ಎರಿಮಣ್ಣು. ಅಲ್ಲಿ ಯಾರ್ ಒಗದ್ರೂ ಬಾಲ್ ಮೊಣಕಾಲಿಗೆ ಬಂದು ಮಲಗ್ತದ. ಅವನ ಬೆಲಿ ಅರ್ಧಾ ಇಳೀತು."

"ಮತ್ತ ಆ ಕೀಪರ್ ಮಲ್ಲು ಅದಾನಲ್ಲ ಜೇವರ್ಗಿಯಾಗ," ಎಂದ ಚಾಚಾ, "ಅವ್ನವು ಕೈ ಅಲ್ಲ ಬೇಟಿ, ಜರಡಿ! ಇನ್ನರ್ಧಾನೂ ಇಳೀತು."

ಗುರುನಾಥ ಚಪ್ಪಲಿಯ ತುದಿಯಿಂದ ಮಣ್ಣು ಕೆರೆಯುತ್ತಿದ್ದ. ತಲೆ ಎತ್ತದೆ ಹೇಳಿದ: "ಅವ ಆಳಂದದಾಗಿದ್ರ ಶಬ್ಬೀರ. ಅಲ್ಲಿ ಬರೇ ಲೈನ್‌ಮನ್."

ಆ ಮಾತು ನನಗೆ ಸೇರಲಿಲ್ಲ. "ಹಂಗಾದ್ರ ಶಬ್ಬೀರಣ್ಣ ನನಗಿರ್ಲಿ" ಎಂದೆ.

ಮೂವರೂ ನಕ್ಕರು. ಕಾರಣ ಹೇಳೆಂದರು. ಮ್ಯಾಟು, ಮಣ್ಣು ನನಗೇನು ಗೊತ್ತು? ಹೊಳೆದದ್ದನ್ನು ಹೇಳಿದೆ: "ಇಷ್ಟ್ ದಿನಾ ಖಾನಾವಳಿ ಉಂಡು ಬೌಲಿಂಗ್ ಮಾಡ್ಯಾನ್ರಿ. ಈಗ ತಾಯಿ ಕೈಯಾಗ ಉಣ್ತಾನ. ಜೋರ್ ಆಗೂದಿಲ್ಲೇನು?"

"ಬೇಟಿ, ರೊಟ್ಟಿಗಿ ವಿಕೆಟ್ ಬೀಳಂಗಿಲ್ಲ" ಎಂದ ಚಾಚಾ.

"ರೊಟ್ಟಿ ಇಲ್ದ ಯಾವ್ದರ ಬಿದ್ದದೇನು?" ಎಂದರು ಅತ್ತೆ ಒಳಗಿನಿಂದ.

ಉಳಿದವರನ್ನು ನಾನು ಹೇಗೆ ಆರಿಸಿದೆ ಎಂಬುದನ್ನು ಕೇಳಬೇಡಿ. ಒಬ್ಬ ಮಣ್ಣೂರಿನವನೆಂದು ತೆಗೆದುಕೊಂಡೆ, ಇನ್ನೊಬ್ಬನ ಹೆಸರು ನನ್ನ ತಮ್ಮನ ಹೆಸರಾಗಿತ್ತು. ನಮ್ಮವರ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಗಂಡನ ಹೆಸರನ್ನು ನಾಲ್ಕು ಜನರೆದುರು ಕೂಗಿ ಕರೆಯುವುದುಂಟೆ? ಅವರನ್ನು ಚಾಚಾ ತೆಗೆದುಕೊಂಡ.

ಜೇವರ್ಗಿಯ ಸುದ್ದಿ ಬರುತ್ತಿದ್ದುದು ಬಸ್ಸಿನ ಕಂಡಕ್ಟರನ ಬಾಯಿಂದ. ಮೊದಲ ಮ್ಯಾಚಿನಲ್ಲಿ ಶಬ್ಬೀರನಿಗೆ ವಿಕೆಟ್ ಇಲ್ಲ. ಎರಡನೆಯದರಲ್ಲೂ ಇಲ್ಲ. ಬ್ಯಾಟಿನ ಅಂಚಿಗೆ ತಾಗಿದ್ದನ್ನೆಲ್ಲ ಮಲ್ಲು ನೆಲಕ್ಕೆ ಹಾಕುತ್ತಿದ್ದಾನಂತೆ. "ಮತ್ತ ಮನಿ ಊಟಕ್ಕ ಶಬ್ಬೀರ್ ಸ್ವಲ್ಪ ದಪ್ಪ ಆಗ್ಯಾನ್ರಿ" ಎಂದೂ ಕಂಡಕ್ಟರ್ ಸೇರಿಸಿದ. ನನ್ನ ಲೆಕ್ಕ ನನಗೇ ತಿರುಗುಬಾಣವಾಗಿತ್ತು. ಚಾಚಾನ ಬಾಗಿಲ ಹಿಂದೆ ನನ್ನ ಅಂಕ ಎಲ್ಲಕ್ಕಿಂತ ಕೆಳಗೆ ಬಿದ್ದಿತ್ತು. ಅದಕ್ಕೆ ನನಗೆ ಬೇಸರವಿರಲಿಲ್ಲ. ಮೂರನೆಯ ವಾರ ಬಂದ ಸುದ್ದಿ ಮಾತ್ರ ಮನಸ್ಸಿಗೆ ಹತ್ತಿತು: ಶಬ್ಬೀರ ಈಗ ಜೋರಾಗಿ ಒಗೆಯುವುದನ್ನೇ ಬಿಟ್ಟಿದ್ದಾನೆ. ಹಿಡಿಯುವವರಿಲ್ಲದ ಮೇಲೆ ಯಾರಿಗಾಗಿ ಒಗೆಯಲಿ ಎನ್ನುತ್ತಾನಂತೆ.

ಆ ವಾರವೇ ಅತ್ತೆಯೊಡನೆ ಕುಪ್ಪಸದ ಖಣಕ್ಕೆಂದು ಗುರುನಾಥನ ಅಂಗಡಿಗೆ ಹೋದೆ. ಅವನು ಖಣ ಬಿಚ್ಚಿ ಹಾಸುತ್ತ, ಬಟ್ಟೆಯನ್ನೇ ನೋಡುತ್ತ ಕೇಳಿದ: "ಜೇವರ್ಗಿದು ಏನ್ ಸುದ್ದಿ ವೈನಿ?"

"ಬಾಲ್ ಛಲೋನೇ ಬೀಳ್ತಿದ್ವಂತ್ರಿ. ಹಿಡಿಯವ್ರಿಲ್ಲಂತ. ಈಗ ಮೆಲ್ಲಕ ಒಗ್ಯಾಕತ್ತಾನಂತ."

ಗುರುನಾಥ ಖಣಕ್ಕೆ ಕತ್ತರಿ ಹಾಕಿದ. ಅತ್ತೆ ತಕ್ಷಣ, "ಏ ಗುರುನಾಥ, ಖಣ ಸೊಟ್ಟ ಕತ್ತರಿಸಿದ್ಯಲ್ಲೋ!" ಎಂದರು. ಅವನಿಗೆ ಅದು ಕೇಳಿಸಲೇ ಇಲ್ಲ.

"ಅರ್ಜಿ ಹಾಕೀನಿ ಅಂತ ನನಗೊಂದ್ ಮಾತ್ ಹೇಳ್ಲಿಲ್ರಿ ಅವ," ಎಂದ. "ದಿನಾ ಈ ಗಾದಿ ಮ್ಯಾಲ ಕುಂತು ಚಹಾ ಕುಡಿದು ಹೋದಾಂವ. ಆರ್ಡರ್ ಬಂದ ಮ್ಯಾಲ ಮಂದಿ ಬಾಯಾಗ ಕೇಳೀನಿ ನಾ."

ನನಗೆ ಮಣ್ಣೂರಿನ ನನ್ನ ಗೆಳತಿ ನೆನಪಾದಳು. ನನ್ನ ಮದುವೆ ಗೊತ್ತಾದ ಸುದ್ದಿಯನ್ನು ನಾನು ಎಲ್ಲರಿಗೂ ಹೇಳಿ ಕೊನೆಗೆ ಅವಳಿಗೆ ಹೇಳಿದ್ದೆ. ಹೊಳೆಯಲ್ಲಿ ಬಟ್ಟೆ ಒಗೆಯುತ್ತ ಎಷ್ಟು ಸಲ ಬಾಯಿ ತೆಗೆದು ಮುಚ್ಚಿದ್ದೆನೋ.

"ನಿಮಗ ಹೇಳಿದ್ರ ಅವಗ ಅರ್ಜಿ ಹಾಕಾಕೇ ಆಗ್ತಿದ್ದಿಲ್ರಿ" ಎಂದೆ.

ಗುರುನಾಥ ಸೊಟ್ಟ ಕತ್ತರಿಸಿದ ಖಣವನ್ನು ಪಕ್ಕಕ್ಕೆ ಸರಿಸಿ, ಹೊಸದೊಂದನ್ನು ನೆಟ್ಟಗೆ ಕತ್ತರಿಸಿ ಕೊಟ್ಟ.

ಅಂಗಡಿಗೆ ರಜೆಯಿದ್ದ ದಿನ ಅವನು ಬೆಳಿಗ್ಗೆಯ ಬಸ್ಸಿಗೆ ಕಲಬುರ್ಗಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜೇವರ್ಗಿ ಮುಟ್ಟಿದ. ಮರುದಿನ ಬಂದು ನಮ್ಮ ಕಟ್ಟೆಯ ಮೇಲೆ ಕೂತಾಗ ಅವನ ಅಂಗೈಗಳು ಕೆಂಪಗೆ ಬಾತಿದ್ದವು.

"ಮಲ್ಲುನ ತಪ್ಪಿಲ್ಲ," ಎಂದ. "ಸ್ಟಂಪಿಗೆ ಭಾಳ ಹತ್ರ ನಿಂದರ್ತಿದ್ದ. ಶಬ್ಬೀರನ ಬಾಲ್ ಬಿದ್ದ ಮ್ಯಾಲ ಎಡಕ್ಕ ಸರೀತದ ಅಂತ ಅವಗ ಯಾರೂ ಹೇಳೇ ಇಲ್ಲ. ಇಡೀ ದಿನಾ ನಿಂದ್ರಿಸಿ ತೋರಿಸಿ ಬಂದೀನಿ."

ನಮ್ಮವರು ಎದ್ದು ನಿಂತರು. "ಲೇ ಗುರ್ಯಾ! ಬರೂ ರವಿವಾರ ಜೇವರ್ಗಿಯವ್ರು ನಮ್ ಮ್ಯಾಲ ಆಡಾಕ ಬರಾಕತ್ತಾರಲೋ!"

"ಗೊತ್ತದ."

"ಮತ್ತ?"

"ಅವ್ನ ಬಾಲಿಗೆ ಕ್ಯಾಚ್ ಬಿಡ್ತಾರ ಅಂದ್ರ ನನಗ ಊಟಾ ಸೇರವಲ್ದು. ನಾ ಏನ್ ಮಾಡ್ಲಿ?" ಎಂದು ಗುರುನಾಥ ಬಾತ ಕೈಗಳ ಮೇಲೆ ಬಾಯಿಂದ ಗಾಳಿ ಊದಿಕೊಂಡ.

ಶಬ್ಬೀರನ ಜೊತೆ ಏನು ಮಾತಾಡಿದೆ ಎಂದು ಚಾಚಾ ಕೇಳಿದ. "ಏನಿಲ್ಲ. ಅವ ಒಗದ, ನಾ ಹಿಡದ್ಯಾ, ಮಲ್ಲು ನೋಡಿದ" ಎಂದ.

ರವಿವಾರ ಅತ್ತೆ, "ಶಬ್ಬೀರಗ ಊಟಾ ಒಯ್ಯೂನು ನಡಿ" ಎಂದು ಎದ್ದರು. ಊಟದ ನೆವ ಇಲ್ಲದೆ ಹೆಂಗಸರು ಆಟದ ಬಯಲಿಗೆ ಹೋಗುವ ಕಾಲ ಅದಲ್ಲ. ಓಣಿಯ ಇನ್ನೂ ನಾಲ್ಕೈದು ಹೆಂಗಸರಿಗೆ ಅವತ್ತೇ ಶಬ್ಬೀರನ ಹಸಿವೆ ನೆನಪಾಯಿತು. ಬೇವಿನ ಗಿಡದ ಕೆಳಗೆ ಹೋಗಿ ಕೂತೆವು. ಶಬ್ಬೀರ ದೂರದಿಂದಲೇ ಕಂಡು ಓಡಿ ಬಂದು, "ಸಲಾಮ್ರಿ ಅವ್ವಾ, ಆರಾಮ್ರಿ ವೈನಿ?" ಎಂದ. ದಪ್ಪಗಾಗಿದ್ದುದು ಸುಳ್ಳಲ್ಲ.

ಮೊದಲು ಜೇವರ್ಗಿಯವರು ಆಡಿದರು. ಆಮೇಲೆ ಆಳಂದದ ಸರದಿ, ನಮ್ಮ ಮನೆಯವರು ಮೊದಲು ಬ್ಯಾಟು ಹಿಡಿದು ಬಂದರು. ಛಂದ ಆಡುತ್ತಿದ್ದರು. ನಾಲ್ಕಾರು ಸಲ ಚೆಂಡು ಬೇಲಿ ದಾಟಿತು. ನಾನು ಸೆರಗಿನ ಮರೆಯಲ್ಲಿ ಹಿಗ್ಗುತ್ತ ಕೂತಿದ್ದೆ. ಅಷ್ಟರಲ್ಲಿ ಶಬ್ಬೀರ ದೂರದಿಂದ ಓಡಿ ಬಂದ. ಹಳೆಯ ಓಟ. ಚೆಂಡು ಮ್ಯಾಟಿಗೆ ಬಡಿದು ಎದ್ದಿತು, ನಮ್ಮವರ ಬ್ಯಾಟಿಗೆ ಟಕ್ಕೆಂದಿತು, ಮಲ್ಲು ಎಡಕ್ಕೆ ಜಿಗಿದು ನೆಲದ ಮೇಲೆ ಉರುಳಿದ. ಎದ್ದಾಗ ಚೆಂಡು ಅವನ ಕೈಯಲ್ಲಿತ್ತು.

ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಹೊಡೆದ ಮೇಲೆ ಗೊತ್ತಾಯಿತು, ಆ ಬಯಲಿನ ನಮ್ಮ ಬದಿಯಲ್ಲಿ ಚಪ್ಪಾಳೆ ಹೊಡೆದವಳು ನಾನೊಬ್ಬಳೇ ಎಂದು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಏ ಮಣ್ಣೂರಾಕಿ! ಔಟ್ ಆದಾಂವ ನಿನ್ ಗಂಡ ಬೇ!" ಎಂದರು ಅತ್ತೆ.

"ಹೌದ್ರಿ ಅತ್ತಿ... ಕ್ಯಾಚ್ ಛಲೋ ಇತ್ರಿ."

ಅತ್ತೆ ನನ್ನನ್ನೊಮ್ಮೆ, ತಲೆ ತಗ್ಗಿಸಿ ಬರುತ್ತಿದ್ದ ಮಗನನ್ನೊಮ್ಮೆ ನೋಡಿದರು. "ಇತ್ತ್ ಬಿಡು" ಎಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು.

ಅಲ್ಲಿಂದ ಒಬ್ಬೊಬ್ಬರೇ ಬಂದು ಹೋದರು. ಕೊನೆಗೆ ಆಳಂದ ಗೆಲ್ಲಲು ಒಂದೆರಡು ಹೊಡೆತ ಸಾಕು ಎನ್ನುವಾಗ ಉಳಿದದ್ದು ಕೊನೆಯ ಜೋಡಿ. ಬ್ಯಾಟು ಹಿಡಿದವನು ಗುರುನಾಥ, ಚೆಂಡು ಹಿಡಿದವನು ಶಬ್ಬೀರ. ಇಷ್ಟು ವರ್ಷ ಒಂದೇ ಕಡೆ ಆಡಿದವರು ಎದುರುಬದುರಾಗಿದ್ದು ಅದೇ ಮೊದಲು. ಯಾರು ಗೆಲ್ಲಲಿ ಎಂದು ನಾನು ಬೇಡಿಕೊಳ್ಳಬೇಕೋ ತಿಳಿಯದೆ ಇಬ್ಬರಿಗೂ ಒಳ್ಳೆಯದಾಗಲಿ ಎಂದು ಬಸವಣ್ಣನನ್ನು ನೆನೆದೆ.

ಶಬ್ಬೀರ ಓಡಿ ಬಂದ. ಗುರುನಾಥ ಬ್ಯಾಟು ಚಾಚಿದ. ಚೆಂಡು ಅಂಚಿಗೆ ಸವರಿ ಹಿಂದೆ ಹೋಯಿತು. ಮಲ್ಲು ಹಿಡಿದ. ಆದರೆ ಹಿಡಿದದ್ದು ಅವನಿಗೇ ನಂಬಿಕೆಯಾಗದೆ ಕೈಯೊಳಗಿನ ಚೆಂಡನ್ನು ನೋಡುತ್ತ ಸುಮ್ಮನೆ ನಿಂತುಬಿಟ್ಟ. ಯಾರಾದರೂ ಕೂಗಿ ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ.

ಆಗ ಗುರುನಾಥ ಗರ್ರನೆ ಅಂಪೈರ್ ಕಡೆ ತಿರುಗಿ, ಬ್ಯಾಟು ಒಗೆದು, ಎರಡೂ ಕೈ ಆಕಾಶಕ್ಕೆತ್ತಿ ಕೂಗಿದ:

"ಹೌಝ್ಯಾಟ್!"

ವರ್ಷಗಟ್ಟಲೆಯ ರೂಢಿ. ತಾನು ಈಗ ಸ್ಟಂಪಿನ ಹಿಂದೆ ಇಲ್ಲ, ಮುಂದೆ ಇದ್ದೇನೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತೇ ಹೋಗಿತ್ತು. ಇಕ್ಬಾಲ್ ಚಾಚಾ ಬೆರಳೆತ್ತಿ, "ಅರೆ ಭಾಯಿ, ನೀನೇ ಕೇಳ್ತಿ, ನೀನೇ ಹೋಗ್ತಿ!" ಎಂದ. ಆಟ ಜೇವರ್ಗಿಯ ಪಾಲಾಯಿತು, ಆದರೂ ಎರಡೂ ಟೀಮಿನವರು ಹೊಟ್ಟೆ ಹಿಡಿದು ನಕ್ಕರು. ನಗದೆ ಉಳಿದವರು ಇಬ್ಬರೇ. ಶಬ್ಬೀರ ಮ್ಯಾಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಗುರುನಾಥ ತನ್ನ ಕಡೆಯವರತ್ತ ಹೋಗದೆ ನೆಟ್ಟಗೆ ಅವನ ಹತ್ತಿರ ಹೋಗಿ ನಿಂತ.

ಅಲ್ಲಿ ನಡೆದ ಮಾತನ್ನು ಆಮೇಲೆ ಚಾಚಾ ಹೇಳಿದ.

"ಅರ್ಜಿ ಹಾಕೂ ಮುಂದ ಹೇಳಬೇಕಿತ್ತಲೋ ನನಗ."

"ಹೇಳಿದ್ರ ನೀ ಬಿಡ್ತಿದ್ದೇನು?"

"ಬಿಡ್ತಿದ್ದಿಲ್ಲ."

"ಅದಕ್ಕೇ ಹೇಳ್ಲಿಲ್ಲ."

ಅಷ್ಟೇ. ಆಮೇಲೆ ಗುರುನಾಥ ಕೈ ಕೊಟ್ಟು ಅವನನ್ನು ಎಬ್ಬಿಸಿದನಂತೆ.

ಶಬ್ಬೀರನ ಆ ದಿನದ ವಿಕೆಟ್ಟುಗಳಿಂದ ನನ್ನ ಅಂಕ ಒಮ್ಮೆಲೆ ಏರಿದ್ದು ನಿಜ. ಆದರೆ ನನ್ನ ಮಣ್ಣೂರಿನವನು ಇಡೀ ವರ್ಷ ಒಂದು ಕ್ಯಾಚೂ ಹಿಡಿದಿರಲಿಲ್ಲ, ತಮ್ಮನ ಹೆಸರಿನವನು ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂತಿದ್ದ. ಅದು ಆ ವರ್ಷದ ಕೊನೆಯ ಮ್ಯಾಚು, ಎಲ್ಲರಿಗಿಂತ ಹಿಂದೆ ಬಿದ್ದವಳು ನಾನೇ. ಅಂದು ಸಂಜೆಯೇ ಮಿರ್ಚಿ ಮಾಡಬೇಕೆಂದು ಚಾಚಾ ಪಟ್ಟು ಹಿಡಿದ. ಶಬ್ಬೀರ ತನ್ನ ಟೀಮಿನವರನ್ನು ಕಳಿಸಿ ಹಿಂದೆ ಉಳಿದ. ಅಂಗಳದಲ್ಲಿ ಅವನೂ ಗುರುನಾಥನೂ ಆ ಕೊನೆಯ ಚೆಂಡು ಎಷ್ಟು ಸರಿಯಿತೆಂದು ಜಗಳಕ್ಕೆ ಬಿದ್ದಿದ್ದರು.

ನಾನು ಬಾಣಲೆಗೆ ಮೆಣಸಿನಕಾಯಿ ಬಿಡುತ್ತಿದ್ದೆ. ನಮ್ಮವರು ನೀರಿಗೆಂದು ಒಳಗೆ ಬಂದರು. ಕೊಡದಲ್ಲಿ ನೀರಿತ್ತು, ತಂಬಿಗೆ ಅಲ್ಲೇ ಇತ್ತು. ಆದರೂ ನಿಂತರು.

"ನಾ ಔಟ್ ಆದಾಗ ಚಪ್ಪಾಳಿ ಕೇಳ್ತು" ಎಂದರು.

"ಜೇವರ್ಗಿಯವ್ರು ಹೊಡದಿರಬೇಕ್ರಿ" ಎಂದೆ ಬಾಣಲೆ ನೋಡುತ್ತ.

"ಜೇವರ್ಗಿಯವ್ರು ಯಾರೂ ಬಳಿ ಹಾಕ್ಕೊಂಡ್ ಬಂದಿದ್ದಿಲ್ಲ."

ನಾನು ಬಳೆ ತೊಟ್ಟ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರು ತಂಬಿಗೆಯನ್ನು ಎತ್ತಿ, ಕುಡಿಯದೆ ಮತ್ತೆ ಇಟ್ಟರು.

"ಮುಂದಿನ್ ವರ್ಷ ನನ್ನ ತಗೋ ನಿನ್ ಟೀಮಿಗೆ."

"ನಿಮ್ಮನ್ನ ತಗೊಂಡ್ರ, ನೀವು ಔಟ್ ಆದಾಗ ನಾ ಅಳಬೇಕಾಗ್ತದಲ್ರಿ."

"ಒಂದ್ ಸರ್ತಿ ಅತ್ತು ನೋಡು" ಎಂದರು. ಹಾಗೆ ಅಂದವರು ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ನಾನು ಜಾರೆಯಿಂದ ಮಿರ್ಚಿ ತಿರುವಬೇಕಿತ್ತು, ತಿರುವಲಿಲ್ಲ.

"ಏನ್ ಬೇ, ಮಿರ್ಚಿ ಸುಟ್ಟಂಗ ವಾಸನಿ ಬರಾಕತ್ತದ!" ಎಂದರು ಅತ್ತೆ ಅಂಗಳದಿಂದ.

ಆ ಕರ್ರಗಾದ ಮಿರ್ಚಿಗಳನ್ನು ಶಬ್ಬೀರ, ಗುರುನಾಥ ಇಬ್ಬರೂ ಒಂದೇ ತಾಟಿನಲ್ಲಿ ಕೈ ಹಾಕಿ, ಚಕಾರವೆತ್ತದೆ ತಿಂದು ಮುಗಿಸಿದರು.